ಮೇಲೆ ಅಕ್ಷರ, ಕೆಳಗೆ ಚುಕ್ಕಿ

ಹೆಡ್ ಕ್ಲರ್ಕ್ ಸಾಹೇಬರು ಜವಾನನಿಗೆ ಬೈದರು. ಬೈಯುವುದು ಅವರಿಗೆ ಹೊಸದಲ್ಲ, ಬೈಸಿಕೊಳ್ಳುವುದು ಜವಾನನಿಗೂ ಹೊಸದಲ್ಲ. ಒಂದು ಫೈಲು ಕಾಣೆಯಾಗಿತ್ತು. ಅದು ಸಾಹೇಬರ ಮೇಜಿನ ಮೇಲೇ, ಅವರ ಊಟದ ಡಬ್ಬಿಯ ಅಡಿಯಲ್ಲೇ ತಣ್ಣಗೆ ಮಲಗಿತ್ತು ಅನ್ನುವುದು ಆಮೇಲೆ ಗೊತ್ತಾಯಿತು. ಅದು ಗೊತ್ತಾಗುವ ಮೊದಲೇ ಅವರು ಎರಡನೇ ಮಹಡಿಯ ನಟ್ಟನಡುವೆ ನಿಂತು, ನಲವತ್ತು ಮೇಜುಗಳಿಗೂ ಕೇಳುವ ಹಾಗೆ ಕೂಗಿದರು.

"ಜಾಡಮಾಲಿ ನನ್ಮಗನೇ, ಒಂದು ಫೈಲು ಎಲ್ಲಿಡಬೇಕು ಅಂತ ಗೊತ್ತಿಲ್ವೇನೋ ನಿಂಗೆ?"

ಅವರ ಬೂಟಿನಿಂದ ಎರಡು ಮಾರು ದೂರದಲ್ಲಿ ಫಿನಾಯಿಲಕ್ಕ ನೆಲ ಒರೆಸುತ್ತಿದ್ದಳು. ಹತ್ತೊಂಬತ್ತು ವರ್ಷದಿಂದ ಆ ಮಹಡಿಯ ಆರು ಕಕ್ಕಸು, ನಾಲ್ಕು ಬೇಸಿನ್ನು, ಒಂದು ಉದ್ದನೆಯ ವರಾಂಡ ಅವಳ ಪಾಲಿನವು. ಅವಳು ನಿಧಾನಕ್ಕೆ ಎದ್ದು ನಿಂತಳು. ಮಂಡಿ ಲಟಕ್ಕೆಂದಿತು.

"ಸಾರ್, ಜಾಡಮಾಲಿ ನಾನು. ಇವನು ನನ್ನ ಮಗ ಅಲ್ಲ. ನನ್ನ ಮಗ ಬಸ್ಸು ಓಡಿಸ್ತಾನೆ."

ಮೂಲೆಯಲ್ಲಿ ಕೂತಿದ್ದ ಟೈಪಿಸ್ಟ್ ಹುಡುಗಿಗೆ ಕುಡಿಯುತ್ತಿದ್ದ ಟೀ ಮೂಗಿನಿಂದ ಬಂತು. ನಲವತ್ತು ಮೇಜುಗಳ ಹಿಂದೆ ನಲವತ್ತು ಜನ ಫೈಲುಗಳಲ್ಲಿ ಮುಖ ಹುದುಗಿಸಿದರು. ಫೈಲುಗಳು ಅಲುಗಾಡುತ್ತಿದ್ದವು. ಸಾಹೇಬರ ಕಿವಿ ಕೆಂಪಗಾಯಿತು.

"ಬಾಯ್ಮುಚ್ಕೊಂಡು ನೆಲ ಒರೆಸೇ, ಜಾಡಮಾಲಿ."

ಇದೇ ಮಾತನ್ನು ಅವಳು ಎಷ್ಟು ಸಾವಿರ ಸಲ ಕೇಳಿದ್ದಳೋ. ಕೇಳಿ ಕೇಳಿ ಕಿವಿ ಗಟ್ಟಿಯಾಗಿತ್ತು. ಆದರೆ ಅವತ್ತು ಬೆಳಿಗ್ಗೆ ಆ್ಯಸಿಡ್ ಸಿಡಿದು ಮುಂಗೈಯಲ್ಲಿ ಬೊಬ್ಬೆ ಎದ್ದಿತ್ತು. ನಾಲ್ಕು ಬಕೆಟ್ ನೀರು ಮೆಟ್ಟಿಲ ಮೇಲೆ ಹೊತ್ತು ತಂದಿದ್ದಳು. ಲಿಫ್ಟಿನಲ್ಲಿ ಬಕೆಟ್ ತರಬಾರದು ಅಂತ ಸಾಹೇಬರದೇ ಅಪ್ಪಣೆ. ಬೊಬ್ಬೆಯೋ, ಮೆಟ್ಟಿಲೋ, ಹತ್ತೊಂಬತ್ತು ವರ್ಷವೋ, ಯಾವುದು ಮಾತಾಡಿತೋ ಅವಳಿಗೇ ಗೊತ್ತಿಲ್ಲ. ಬಾಯಿ ತಾನಾಗಿಯೇ ತೆರೆಯಿತು.

"ನೀವೇ ಜಾಡಮಾಲಿ."

ಅಷ್ಟೇ. ಎರಡು ಮಾತು. ಸಾಹೇಬರು ಹಿಂದಕ್ಕೆ ಸರಿದು ಕುರ್ಚಿಯಲ್ಲಿ ಕೂತರು. ಅದು ಅವರ ಕುರ್ಚಿಯಾಗಿರಲಿಲ್ಲ. ಅಲ್ಲಿ ಆಗಲೇ ಒಬ್ಬರು ಕೂತಿದ್ದರು.

ಫಿನಾಯಿಲಕ್ಕ ಅನ್ನುವುದು ಡ್ರೈವರುಗಳು, ಜವಾನರು, ಕ್ಯಾಂಟೀನಿನವರು ಪ್ರೀತಿಯಿಂದ ಇಟ್ಟ ಹೆಸರು. ಅವಳು ಬರುವ ಮೊದಲೇ ಅವಳ ವಾಸನೆ ಬರುತ್ತಿತ್ತು. ಹೆಡ್ ಕ್ಲರ್ಕ್ ಸಾಹೇಬರು ಮಾತ್ರ ಒಂದು ದಿನವೂ ಹಾಗೆ ಕರೆದವರಲ್ಲ. ಫಿನಾಯಿಲಿನ ಬಗ್ಗೆ ಅವರ ತಕರಾರು ಇರಲಿಲ್ಲ. ಅದರ ಬಾಲಕ್ಕೆ ಒಂದು ಅಕ್ಕ ಅಂಟಿಕೊಂಡಿದೆಯಲ್ಲ, ಅದು ಅವರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಸಾಹೇಬರಿಗೆ ನಿಯಮ ಅಂದರೆ ಪ್ರಾಣ. ಪ್ರತಿ ಕಕ್ಕಸಿನ ಬಾಗಿಲ ಹಿಂದೆ ಅವರು ಒಂದು ಕಾರ್ಡು ತೂಗುಹಾಕಿಸಿದ್ದರು. ಗಂಟೆ, ಮಾಡಿದ ಕೆಲಸ, ಮಾಡಿದವರ ಹುದ್ದೆ, ಸಹಿ. ಒಮ್ಮೆ ಫಿನಾಯಿಲಕ್ಕ ಹುದ್ದೆಯ ಜಾಗದಲ್ಲಿ 'ಕ್ಲೀನಿಂಗು' ಅಂತ ಬರೆದಿದ್ದಳು. ಸಾಹೇಬರು ಕಾರ್ಡು ಹರಿದರು. ಎಲ್ಲರ ಎದುರು ನಿಲ್ಲಿಸಿ ಹತ್ತು ಸಲ ಸರಿಯಾಗಿ ಬರೆಸಿದರು. ಆಮೇಲೆ ಹೊಸ ಕಾರ್ಡುಗಳ ಕೆಳಗೆ ಕೆಂಪಕ್ಷರದಲ್ಲಿ ಮುದ್ರಿಸಿದರು: 'ಹುದ್ದೆಯ ಅಂಕಣದಲ್ಲಿ ಜಾಡಮಾಲಿ ಎಂದೇ ಬರೆಯತಕ್ಕದ್ದು. ಖಾಲಿ ಬಿಡತಕ್ಕದ್ದಲ್ಲ.' ಅವತ್ತಿನಿಂದ ಅವಳು ಆ ಮಾತನ್ನು ಆರು ಕಾರ್ಡಿಗೆ ಎರಡೆರಡು ಹೊತ್ತು, ದಿನಕ್ಕೆ ಹನ್ನೆರಡು ಸಲ ಬರೆಯುತ್ತಿದ್ದಳು. ಸ್ವಂತ ಹೆಸರನ್ನೂ ಜನ್ಮದಲ್ಲಿ ಅಷ್ಟು ಸಲ ಬರೆದಿರಲಿಲ್ಲ.

ಆರೂ ಕಕ್ಕಸುಗಳ ಹೊರಗೆ 'ಸಿಬ್ಬಂದಿಗೆ ಮಾತ್ರ' ಅನ್ನುವ ಬೋರ್ಡಿತ್ತು. ಜಾಡಮಾಲಿ ಸಿಬ್ಬಂದಿಯ ಲೆಕ್ಕಕ್ಕೆ ಬರುವುದಿಲ್ಲ ಅಂತ ಸಾಹೇಬರು ಮೊದಲ ದಿನವೇ ಹೇಳಿದ್ದರು. ಅವಳು ಆರನ್ನೂ ಥಳಥಳ ಅನ್ನುವ ಹಾಗೆ ತೊಳೆಯುತ್ತಿದ್ದಳು. ತನಗೆ ಬಂದಾಗ ಎರಡು ಮಹಡಿ ಇಳಿದು, ಜನರೇಟರಿನ ಹಿಂದಿನ ತಗಡಿನ ಮರೆಗೆ ಹೋಗುತ್ತಿದ್ದಳು. ಹತ್ತೊಂಬತ್ತು ವರ್ಷ. ಇಳಿಯುವಷ್ಟು ಹೊತ್ತು ತಡೆದುಕೊಳ್ಳುವುದೂ ಅವಳ ಕೆಲಸದ ಒಂದು ಭಾಗವಾಗಿತ್ತು.

ಮಾರನೇ ದಿನ ಕೆಲಸ ಮುಗಿಯುವ ಹೊತ್ತಿಗೆ ಮೆಮೊ ಬಂತು. ಟೈಪಿಸ್ಟ್ ಓದಿ ಹೇಳಿದಳು.

"'ಗೆ, ಜಾಡಮಾಲಿ, ಎರಡನೇ ಮಹಡಿ. ನೀವು ಮೇಲಧಿಕಾರಿಯನ್ನು ನಾಲ್ಕು ಚುಕ್ಕಿ ಎಂಬ ಅವಾಚ್ಯ ಶಬ್ದದಿಂದ ನಿಂದಿಸಿರುತ್ತೀರಿ. ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು?'"

"ನಾಲ್ಕು ಚುಕ್ಕಿ ಅಂದ್ರೆ?"

"ಕೆಟ್ಟ ಮಾತನ್ನ ಬರೆಯೋದಿಲ್ಲ ಅಕ್ಕ. ಬರೆದ್ರೆ ಕಾಗದ ಹೊಲಸಾಗುತ್ತಂತೆ. ಅದಕ್ಕೆ ಚುಕ್ಕಿ."

ಫಿನಾಯಿಲಕ್ಕ ಮೆಮೊ ಇಸಿದುಕೊಂಡು ಬೆರಳಿಟ್ಟು ಓದಿದಳು. ಮೇಲಿನ ಸಾಲಿನಲ್ಲಿ ಆ ಮಾತು ದಪ್ಪಕ್ಷರದಲ್ಲಿ ಕೂತಿತ್ತು. ಮೂರು ಸಾಲು ಕೆಳಗೆ ಅದೇ ಮಾತು ಚುಕ್ಕಿಯಾಗಿತ್ತು. ಅವಳು ಎರಡು ಸಲ ಮೇಲೆ ನೋಡಿದಳು, ಎರಡು ಸಲ ಕೆಳಗೆ ನೋಡಿದಳು. ಕಾಗದ ಮೇಲ್ಗಡೆ ಹೊಲಸಾಗಿರಲಿಲ್ಲ.

ಮೆಮೊದ ಕೊನೆಯಲ್ಲಿ ಇನ್ನೊಂದು ಮಾತಿತ್ತು. ವಿಚಾರಣೆ ಮುಗಿಯುವ ತನಕ ಆರೋಪಿಯು ಪೊರಕೆ, ಬ್ರಷ್ಷು, ಬಕೆಟ್ಟು ಮುಟ್ಟತಕ್ಕದ್ದಲ್ಲ. ಆದರೆ ದಿನವೂ ಹಾಜರಾಗಿ ವರಾಂಡದ ಸ್ಟೂಲಿನ ಮೇಲೆ ಕೂರತಕ್ಕದ್ದು. ಹೋಗಿಬರುವವರೆಲ್ಲ ನೋಡಲಿ, ಮರ್ಯಾದೆ ಹೋಗಲಿ ಅನ್ನುವುದು ಸಾಹೇಬರ ಲೆಕ್ಕಾಚಾರ. ಹತ್ತೊಂಬತ್ತು ವರ್ಷದಲ್ಲಿ ಆ ಕಟ್ಟಡದೊಳಗೆ ಅವಳು ಕೂತಿದ್ದು ಅದೇ ಮೊದಲು. ಮಂಡಿಗಳಿಗೆ ನಂಬಲಿಕ್ಕೇ ಆಗಲಿಲ್ಲ.

ಆದರೂ ಭಯ ಇತ್ತು. ಮಗ ಮದುವೆಯಾಗಿ ಬೇರೆ ಮನೆ ಮಾಡಿದ್ದ. ಮನೆಯಲ್ಲಿ ಅವಳು, ಹಾಸಿಗೆ ಬಿಟ್ಟು ಹೆಚ್ಚು ಏಳಲಾಗದ ಅತ್ತೆ, ಒಂದು ಕಳ್ಳ ಬೆಕ್ಕು. ಮೂರು ಹೊಟ್ಟೆಗೂ ಇದೊಂದೇ ಕೆಲಸ.

ಅತ್ತೆ ಆ ಬೀದಿಯ ಬೈಗುಳದ ಮಹಾರಾಣಿ. ಕಾಲು ಸೋತಿದ್ದರೂ ನಾಲಿಗೆ ಸೋತಿರಲಿಲ್ಲ. ಮುಂಚೆ ನಲ್ಲಿ ಜಗಳಕ್ಕೆ ಅವಳು ಕೊಡ ಹಿಡಿದು ಬಂದರೆ ಉಳಿದವರು ಸುಮ್ಮನೆ ಜಾಗ ಬಿಡುತ್ತಿದ್ದರು. ಫಿನಾಯಿಲಕ್ಕ ಅವಳ ಹತ್ತಿರವೇ ಕೇಳಿದಳು.

"ಅತ್ತೆ, ಒಂದು ಮಾತು ಬೈಗುಳ ಆಗೋದು ಹೇಗೆ?"

ಅತ್ತೆ ತನ್ನ ವಿದ್ಯೆಯ ಬಗ್ಗೆ ಯಾರೋ ಕೇಳಿದರಲ್ಲ ಅಂತ ದಿಂಬಿಗೆ ಒರಗಿ ಸರಿಯಾಗಿ ಕೂತಳು.

"ನೋಡು, ಕತ್ತೆ ಅಂತ ಬೈತೀವಿ. ಯಾಕೆ? ಕತ್ತೆ ಬಂದು ಯಾಕೆ ಬೈದೆ ಅಂತ ಕೇಳಲ್ಲ. ಹಂದಿ ಕೇಳಲ್ಲ. ನಾಯಿ ಕೇಳಲ್ಲ. ಹುಲಿ ಅಂತ ಯಾರನ್ನಾದ್ರೂ ಬೈದಿದ್ದು ಕೇಳಿದೀಯಾ? ಇಲ್ಲ. ಹುಲಿ ಕೇಳುತ್ತೆ. ಮನುಷ್ಯರಲ್ಲೂ ಅಷ್ಟೇ ಕಣೇ. 'ಲೋ ಜಡ್ಜಿ ನನ್ಮಗನೇ' ಅಂತ ಯಾರಾದ್ರೂ ಅಂದಿದಾರಾ? 'ಥೂ, ನೀನೊಬ್ಬ ಡಾಕ್ಟ್ರು' ಅಂತ ಉಗಿದಿದಾರಾ? ಯಾರು ತಿರುಗಿ ಕೇಳಲ್ವೋ ಅವರ ಹೆಸರೇ ಬೈಗುಳ. ನಾನು ಇಷ್ಟು ವರ್ಷ ಬೈದಿದ್ದೀನಲ್ಲ, ನನಗೆ ಗೊತ್ತು."

"ತಿರುಗಿ ಕೇಳಿದ್ರೆ?"

"ಕೇಳಿ ನೋಡು. ಆಗ ನನಗೂ ಹೇಳು. ಅಲ್ಲೀತನಕ ನಾನು ಹೊಸ ಬೈಗುಳ ಶುರು ಮಾಡ್ತೀನಿ."

ಮಾರನೇ ಬೆಳಿಗ್ಗೆ ಬೆಕ್ಕು ಹಾಲಿನ ಪಾತ್ರೆಗೆ ಬಾಯಿ ಹಾಕಿತು. "ಲೇ ಹೆಡ್ ಕ್ಲರ್ಕೇ, ನಿನ್ನ ಮುಸುಡಿಗೆ ಬೆಂಕಿ ಬೀಳಾ" ಅಂತ ಅತ್ತೆ ಕೂಗಿದ್ದು ಬೀದಿಯ ಕೊನೆಯವರೆಗೂ ಕೇಳಿಸಿತು. ಬೆಕ್ಕು ಓಡಿತು. ಅತ್ತೆಗೆ ಆ ಬೈಗುಳ ಬಾಯಿಗೆ ಹಿಡಿಸಿತು.

ವಿಚಾರಣೆಗೆ ಅವತ್ತೇ ಮುಖ್ಯ ಕಚೇರಿಯಿಂದ ಒಬ್ಬರು ಮೇಡಂ ಬಂದರು. ದಪ್ಪ ಕನ್ನಡಕ, ದಪ್ಪ ಪುಸ್ತಕ, ಎಲ್ಲದರಲ್ಲೂ ನಡುದಾರಿ ಹುಡುಕುವ ಸ್ವಭಾವ. ಟೈಪಿಸ್ಟ್ ಬರೆದುಕೊಳ್ಳಲು ಕೂತಳು. ಫಿನಾಯಿಲಕ್ಕ ನಿಂತಿದ್ದಳು. ಅವಳಿಗೆ ಕುರ್ಚಿ ಹಾಕಿರಲಿಲ್ಲ.

"ಈಕೆ ನಿಮಗೆ ಏನಂದ್ರು?" ಮೇಡಂ ಕೇಳಿದರು.

"ಅದನ್ನ ಬಾಯಲ್ಲಿ ಹೇಳೋಕಾಗಲ್ಲ ಮೇಡಂ," ಸಾಹೇಬರು ಕಣ್ಣು ಕೆಳಗೆ ಹಾಕಿದರು.

"ಹೇಳದೆ ಬರ್ಕೊಳ್ಳೋದು ಹೇಗೆ?"

"ಮೆಮೊದಲ್ಲಿದೆ."

"ಮೆಮೊದಲ್ಲಿ ನಾಲ್ಕು ಚುಕ್ಕಿ ಇದೆ."

"ಆ ನಾಲ್ಕು ಚುಕ್ಕಿನೇ ಅಂದಿದ್ದು."

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಪ್ರಾಣಿಯ ಹೆಸರಾ?"

"ಅಲ್ಲ."

"ನಿಮ್ಮ ತಂದೆ ತಾಯಿ ವಿಷಯ ಎತ್ತಿದ್ರಾ?"

"ಇಲ್ಲ."

"ದೇಹದ್ದು ಏನಾದ್ರೂ..."

ಟೈಪಿಸ್ಟ್ ಬರೆಯುವುದು ನಿಲ್ಲಿಸಿದಳು. ಬಾಗಿಲ ಬಳಿ ನಿಂತಿದ್ದ ಜವಾನ ಕೆಮ್ಮಿದ.

"ಅದೂ ಅಲ್ಲ," ಅಂದರು ಸಾಹೇಬರು. ಅವರ ಬೋಳುತಲೆ ಬೆವರಿತ್ತು.

"ಮತ್ತೆ ಇನ್ನೇನ್ರೀ ಉಳೀತು?"

"ಮೇಡಂ, ನಾನು ಹೇಳ್ತೀನಿ," ಅಂದಳು ಫಿನಾಯಿಲಕ್ಕ. "ಮೆಮೊದ ಮೊದಲ ಸಾಲು ಒಂದು ಸಲ ಗಟ್ಟಿಯಾಗಿ ಓದಿ."

"'ಗೆ, ಜಾಡಮಾಲಿ, ಎರಡನೇ ಮಹಡಿ.'"

"ಅದೇ ಮೇಡಂ."

"ಯಾವುದು?"

"ನೀವು ಈಗ ಅಂದ್ರಲ್ಲ, ಅದೇ ಬೈಗುಳ."

ಮೇಡಂ ಒಮ್ಮೆ ಮೇಲಿನ ಸಾಲು ನೋಡಿದರು, ಒಮ್ಮೆ ಕೆಳಗಿನ ಚುಕ್ಕಿ ನೋಡಿದರು. ತಾನು ಬೈದುಬಿಟ್ಟೆನೋ ಅಂತ ಅವರಿಗೆ ಗಾಬರಿಯಾಯಿತು. ಫಿನಾಯಿಲಕ್ಕ ಬಿಡಲಿಲ್ಲ. ಇದಕ್ಕಾಗಿ ಅವಳು ಸ್ಟೂಲಿನ ಮೇಲೆ ಕೂತು ಮಾತು ಜೋಡಿಸಿಟ್ಟುಕೊಂಡಿದ್ದಳು.

"ನನಗಂದ್ರೆ ಅಕ್ಷರ, ಅವರಿಗಂದ್ರೆ ಚುಕ್ಕಿ. ನನಗೆ ಹುದ್ದೆ, ಅವರಿಗೆ ಬೈಗುಳ. ಬೈಗುಳ ಹೌದು ಅನ್ನೋದಾದ್ರೆ, ಹತ್ತೊಂಬತ್ತು ವರ್ಷದಿಂದ ಈ ಆಫೀಸು ನನಗೆ ಬೈತಾ ಇದೆ. ಕಾರ್ಡು ಬಂದ ಮೇಲೆ ನನ್ನ ಕೈಯಿಂದಲೇ ದಿನಕ್ಕೆ ಹನ್ನೆರಡು ಸಲ ನನ್ನನ್ನ ಬೈಸಿದೆ. ಬೈಗುಳ ಅಲ್ಲ ಅನ್ನೋದಾದ್ರೆ ನಾನು ಬೈದೇ ಇಲ್ಲ. ಎರಡರಲ್ಲಿ ಒಂದು ಬರ್ಕೊಳ್ಳಿ."

ಎರಡರಲ್ಲಿ ಒಂದನ್ನು ಬರೆದುಕೊಳ್ಳುವುದು ಮೇಡಂ ಜಾಯಮಾನದಲ್ಲೇ ಇರಲಿಲ್ಲ. ಅವರು ಬಹಳ ಹೊತ್ತು ಪುಸ್ತಕ ತಿರುವಿದರು. ಕಡೆಗೆ ನಡುದಾರಿ ಸಿಕ್ಕಿತು. ಮಾತು ಸ್ವಲ್ಪ ಒರಟಾಗಿರುವುದು ನಿಜ, ಆದ್ದರಿಂದ ಇನ್ನು ಮುಂದೆ ಹುದ್ದೆಯನ್ನು 'ಶುಚಿತ್ವ ಸಹಾಯಕಿ' ಅಂತ ಕರೆಯಬೇಕು, ಆದೇಶ ಹಿಂದೆಯೇ ಬರುತ್ತದೆ. ಆದರೆ ಮೇಲಿನವರಿಗೆ ಅಂದದ್ದು ತಪ್ಪು. ಎಂಟು ದಿನದಲ್ಲಿ ಕ್ಷಮಾಪಣೆ ಬರೆದುಕೊಡಬೇಕು. ಇಲ್ಲದಿದ್ದರೆ ಕೆಲಸ ಹೋಗುತ್ತದೆ. ಅಲ್ಲಿಯ ತನಕ ಮೆಮೊ ಜಾರಿಯಲ್ಲಿರುತ್ತದೆ.

"ಬರೆಯಲ್ಲ," ಅಂದಳು ಫಿನಾಯಿಲಕ್ಕ.

"ಎಂಟು ದಿನ ಇದೆ. ಯೋಚನೆ ಮಾಡಿ."

"ಯೋಚನೆ ಮಾಡಿಯೇ ಹೇಳಿದ್ದು ಮೇಡಂ. ನಾನು ತೊಳೆಯೋದು ನನಗೆ ನಾಚಿಕೆ ಅಲ್ಲ. ನಾಚಿಕೆ ಇದ್ದಿದ್ರೆ ಇಷ್ಟೊತ್ತಿಗೆ ನೀವೆಲ್ಲ ಮೂಗು ಮುಚ್ಕೊಂಡು ಕೂತಿರ್ತಿದ್ರಿ. ನನ್ನ ಹೆಸರು ಅವರಿಗೆ ಅಂಟಿದ್ದಕ್ಕೆ ನಾನು ಕ್ಷಮೆ ಕೇಳಿದ್ರೆ, ನನ್ನ ಹೆಸರು ಹೊಲಸು ಅಂತ ನಾನೇ ಒಪ್ಕೊಂಡ ಹಾಗೆ. ಬರೆಯಲ್ಲ."

ಅವಳು ಮೇಜಿನ ಅಂಚು ಹಿಡಿದು ನಿಂತಿದ್ದಳು.

ಹೊಸ ಹೆಸರು ಎಷ್ಟು ದಿನ ಬಾಳಿತು ಅಂದರೆ, ಊಟದ ತನಕ. ಊಟವಾದ ಮೇಲೆ ಜವಾನ ಬೇರೆ ಫೈಲು ತಂದುಕೊಟ್ಟ. ಸಾಹೇಬರು ಅದನ್ನು ಅವನ ಎದೆಗೆ ಎಸೆದು, "ನೀನು ಶುಚಿತ್ವ ಸಹಾಯಕ ಆಗೋಕೇ ಲಾಯಕ್ಕು ಕಣೋ, ಥೂ" ಅಂದರು. ಅಷ್ಟುದ್ದದ ಮಾತನ್ನು ಉಗಿಯಲು ಅವರಿಗೆ ಸ್ವಲ್ಪ ಉಸಿರು ಸಾಲಲಿಲ್ಲ. ಸ್ಟೂಲಿನ ಮೇಲಿದ್ದ ಫಿನಾಯಿಲಕ್ಕ ಕೇಳಿಸಿಕೊಂಡಳು. ಮಾತನ್ನು ತೊಳೆದರೆ ಹೋಗುವ ಕೊಳೆ ಇದಲ್ಲ ಅಂತ ಅವಳಿಗೆ ಖಾತ್ರಿಯಾಯಿತು.

ಈಗ ಎಂಟು ದಿನದ ಕಥೆ ಕೇಳಿ. ಆರೋಪಿಯು ಬ್ರಷ್ಷು ಮುಟ್ಟತಕ್ಕದ್ದಲ್ಲ ಅಂತ ಬರೆದ ಸಾಹೇಬರು, ಮತ್ತೆ ಯಾರು ಮುಟ್ಟತಕ್ಕದ್ದು ಅಂತ ಬರೆಯುವುದನ್ನು ಮರೆತಿದ್ದರು.

ಮೊದಲ ದಿನ ಯಾರಿಗೂ ತಿಳಿಯಲಿಲ್ಲ. ಎರಡನೇ ದಿನ ತಿಳಿಯಿತು. ಮೂರನೇ ದಿನ ತಿಳಿಯದವರಿಗೂ ತಿಳಿಯಿತು. ನಲವತ್ತು ಜನ ಕೆಳಗಿನ ಮಹಡಿಗೆ ಓಡಿದರು. ಅದು ಬೇರೆ ಇಲಾಖೆ. ಅವರು ನಾಲ್ಕನೇ ದಿನ ಬೀಗ ಹಾಕಿಕೊಂಡರು. ಐದನೇ ದಿನದಿಂದ ಗುಮಾಸ್ತರು ಒಬ್ಬೊಬ್ಬರಾಗಿ, ಫೋನು ಬಂದಂತೆ ನಟಿಸುತ್ತಾ, ಜನರೇಟರಿನ ಹಿಂದಿನ ತಗಡಿನ ಮರೆಯ ಕಡೆ ನಡೆಯತೊಡಗಿದರು. ಅಲ್ಲಿ ಸಾಲು ನಿಂತಿತು. ಫಿನಾಯಿಲಕ್ಕ ಕಿಟಕಿಯಿಂದ ನೋಡಿದಳು. ಹತ್ತೊಂಬತ್ತು ವರ್ಷದಲ್ಲಿ ಅಲ್ಲಿ ಅವಳೊಬ್ಬಳೇ ನಿಂತಿದ್ದಳು. ನಗು ಬಂತು. ಹಿಂದೆಯೇ ಸಿಟ್ಟೂ ಬಂತು.

ಆರು ಕಕ್ಕಸುಗಳಲ್ಲಿ ಐದು ಮುಚ್ಚಿದವು. ಆರನೆಯದು ಸಾಹೇಬರ ಸ್ವಂತದ್ದು, ಬೀಗದ ಕೈ ಅವರ ಜೇಬಿನಲ್ಲೇ. ಅದೂ ಎಂಟನೇ ದಿನ ಬೆಳಿಗ್ಗೆ ಹತ್ತಕ್ಕೆ ಕೈಕೊಟ್ಟಿತು. ಅವರು ಸರಪಳಿ ಎಳೆದರು. ನೀರು ಇಳಿಯುವ ಬದಲು ಏರಿತು. ಇನ್ನೊಮ್ಮೆ ಎಳೆದರು. ಇನ್ನಷ್ಟು ಏರಿ ಬೂಟಿನ ತನಕ ಬಂತು. ಕ್ಷಮಾಪಣೆ ಬಂತೋ ಇಲ್ಲವೋ ನೋಡಲು ಹನ್ನೊಂದಕ್ಕೆ ಮೇಡಂ ಬರುವವರಿದ್ದರು.

ಸಾಹೇಬರು ಜವಾನನನ್ನು ಕರೆದರು.

"ನನ್ನ ಕೆಲಸ ಫೈಲು ಹೊರೋದು ಸಾರ್," ಅಂದ ಜವಾನ. "ಅದನ್ನ ಮುಟ್ಟಿಬಿಟ್ರೆ, ನೀವು ನನ್ನನ್ನ ಏನಂತ ಕರೀತೀರೋ ಅದು ನಿಜ ಆಗಿಬಿಡುತ್ತೆ."

ಸಾಹೇಬರು ವರಾಂಡಕ್ಕೆ ಬಂದು ಸ್ಟೂಲಿನ ಎದುರು ನಿಂತರು. ಬೂಟು ಪಚಪಚ ಅನ್ನುತ್ತಿತ್ತು.

"ಏಯ್," ಅಂದರು.

ಫಿನಾಯಿಲಕ್ಕ ಉಗುರು ನೋಡಿಕೊಳ್ಳುತ್ತಿದ್ದಳು.

"ಜಾ..." ಅಂದವರು ತಡೆದರು. ಅದು ಅವಾಚ್ಯ ಅಂತ ಅವರೇ ಸಹಿ ಹಾಕಿ ಕೊಟ್ಟಿದ್ದರು. "ಶುಚಿ..." ಅಂದರು. ಅದನ್ನೂ ಅವರೇ ಕೆಡಿಸಿದ್ದರು. ಒಳಗೆ ನೀರು ಗುಳುಗುಳು ಅಂದಿತು. ಸಾಹೇಬರು ಆ ಕಡೆ ನೋಡಿದರು, ಈ ಕಡೆ ನೋಡಿದರು.

"ಅಕ್ಕಾ."

"ಏನು ತಮ್ಮಾ?"

"ಒಂದ್ಸಲ ಒಳಗೆ ಬಂದು ನೋಡಿ."

"ಮುಟ್ಟೋ ಹಾಗಿಲ್ಲ. ನೀವೇ ಬರೆದಿದ್ದೀರಿ. ಬೇಕಾದ್ರೆ ಬಾಯಲ್ಲಿ ಹೇಳ್ತೀನಿ. ಬಾಯಿಯ ವಿಷಯ ಮೆಮೊದಲ್ಲಿ ಇಲ್ಲ."

ಅವಳು ಸ್ಟೂಲನ್ನು ಕಕ್ಕಸಿನ ಬಾಗಿಲಿಗೆ ಎಳೆದುಕೊಂಡು ಕೂತಳು. ಸಾಹೇಬರು ಯಾರೂ ನೋಡದಂತೆ ಒಳಗೆ ಹೋಗಿ ಚಿಲಕ ಹಾಕಿದರು.

"ತೋಳು ಮಡಚ್ಕೊಳ್ಳಿ. ಇನ್ನೂ ಮೇಲಕ್ಕೆ. ಮೂಲೆಯಲ್ಲಿ ರಬ್ಬರ್ ಬಟ್ಟಲಿನ ಕೋಲಿದೆ, ತಗೊಳ್ಳಿ. ಬಾಯಲ್ಲಿ ಉಸಿರಾಡಿ, ಮೂಗಲ್ಲಿ ಬೇಡ. ಬಗ್ಗಿ. ನಿಂತ್ಕೊಂಡು ಆಗಲ್ಲ, ಬಗ್ಗಬೇಕು."

"ಕಣ್ಣಿಗೆ ಹಾರ್ತಿದೆ," ಒಳಗಿನಿಂದ ದನಿ ಬಂತು.

"ಹಾರುತ್ತೆ. ಒತ್ತಿ, ಎಳೀರಿ. ಒತ್ತಿ, ಎಳೀರಿ."

"ನಡು ಹಿಡ್ಕೊಳ್ತು."

"ಹಿಡಿಯುತ್ತೆ. ನನಗೆ ಮೂರನೇ ವರ್ಷ ಹಿಡೀತು, ಇನ್ನೂ ಬಿಟ್ಟಿಲ್ಲ. ನಿಲ್ಲಿಸ್ಬೇಡಿ."

ಒಳಗೆ ಏದುಸಿರು, ಪಚಕ್ ಪಚಕ್ ಸದ್ದು, ಒಂದು ಜಾರಿ ಬಿದ್ದ ಸದ್ದು. ಆಮೇಲೆ ದೊಡ್ಡದೊಂದು ಗಟಗಟ.

"ಹೋಯ್ತು, ಅಕ್ಕಾ, ಹೋಯ್ತು!" ಸಾಹೇಬರ ದನಿಯಲ್ಲಿ ಅಷ್ಟು ಖುಷಿಯನ್ನು ಆ ಕಚೇರಿ ಯಾವತ್ತೂ ಕೇಳಿರಲಿಲ್ಲ.

"ಒಳ್ಳೇದಾಯ್ತು. ಈಗ ಸುತ್ತ ಉಜ್ಜಿ. ಆಮೇಲೆ ನೆಲ. ಆಮೇಲೆ ಕಾರ್ಡು. ಎಂಟು ದಿನದಿಂದ ಖಾಲಿ ಇದೆ. ಮೇಡಂ ನೋಡ್ತಾರೆ. ಖಾಲಿ ಬಿಡತಕ್ಕದ್ದಲ್ಲ ಅಂತ ಕೆಂಪಗೆ ಬರೆದಿದೆ."

ಸಾಹೇಬರು ಒಳಗೇ ಒಂದು ಉಪಾಯ ಹೂಡಿದರು. ಕಾರ್ಡನ್ನು ಅವಳು ತುಂಬಿದ ಹಾಗೆ ತಾವೇ ತುಂಬಿಟ್ಟರೆ, ಕೆಲಸ ಅವಳೇ ಮಾಡಿದ್ದಾಳೆ ಅಂತಾಗುತ್ತದೆ, ಮೆಮೊ ಮುರಿದಳು ಅಂತ ಅವಳ ಮೇಲೆ ಇನ್ನೊಂದು ಆರೋಪವೂ ಆಗುತ್ತದೆ. ಗಂಟೆ ಬರೆದರು. ಮಾಡಿದ ಕೆಲಸ ಬರೆದರು. ಹುದ್ದೆ, ನಿಯಮದಂತೆ, ಜಾಡಮಾಲಿ ಅಂತ ಬರೆದರು. ಸಹಿಯ ಜಾಗದಲ್ಲಿ ಒಂದು ಗೀಟು ಗೀಚಬೇಕು ಅಂದುಕೊಂಡರು. ಆದರೆ ಆ ಕೈ ಮೂವತ್ತು ವರ್ಷದಿಂದ ದಿನಕ್ಕೆ ಇನ್ನೂರು ಸಹಿ ಹಾಕುತ್ತಿದ್ದ ಕೈ. ಅದಕ್ಕೆ ಬೇರೆ ಗೀಟು ಗೊತ್ತಿರಲಿಲ್ಲ. ಸಹಿ ಅಂತ ಕಂಡದ್ದೇ ತಡ, ಅದು ಸರ್ರನೆ ಓಡಿ, ದೊಡ್ಡದೊಂದು ಸುರುಳಿ ಸುತ್ತಿ, ಕೆಳಗೆ ಎರಡು ಗೆರೆ ಎಳೆದು, ಚುಕ್ಕಿ ಇಟ್ಟು ನಿಂತಿತು. ಸಾಹೇಬರು ಅದನ್ನು ನೋಡುವ ಮೊದಲೇ ಹೊರಗೆ ಮೇಡಂ ದನಿ ಕೇಳಿಸಿತು. ಅವರು ದಡಬಡ ಹೊರಬಂದರು.

ಮೇಡಂ ದೂರದಿಂದ ಬಸ್ಸಿನಲ್ಲಿ ಬಂದವರು. ಬಂದವರೇ ಮೊದಲು ಅಲ್ಲಿಗೇ ಹೋದರು. ಹೊರಗೆ ಬಂದಾಗ ಅವರ ಕೈಯಲ್ಲಿ ಕಾರ್ಡಿತ್ತು. ನಲವತ್ತು ಜನ ತಲೆ ಎತ್ತಿದರು. ಸಾಹೇಬರ ತೋಳು ಇನ್ನೂ ಮಡಚಿಯೇ ಇತ್ತು. ಅವರಿಂದ ಫಿನಾಯಿಲಿನ ವಾಸನೆ ಬರುತ್ತಿತ್ತು.

"ಈ ಸಹಿ ನಿಮ್ಮದಾ?"

ಸಾಹೇಬರು ನೋಡಿದರು. ಇಲ್ಲ ಅನ್ನುವ ಹಾಗಿರಲಿಲ್ಲ. ಆ ಸಹಿ ಆ ಕಟ್ಟಡದ ಗೋಡೆ ಗೋಡೆಯ ನೋಟೀಸಿನ ಮೇಲಿತ್ತು.

"ಹೌದು ಮೇಡಂ."

"ತೊಳೆದಿದ್ದು ನೀವೇನಾ?"

ಸಾಹೇಬರು ಮಡಚಿದ ತೋಳು ನೋಡಿಕೊಂಡರು. "ಹೌದು ಮೇಡಂ."

"ಹುದ್ದೆ ನೀವೇ ಬರೆದಿದ್ದಾ?"

"ನಿಯಮ ಇದೆ ಮೇಡಂ."

ಮೇಡಂ ಪುಸ್ತಕ ತಿರುವಿದರು. ಈ ಸಲ ನಡುದಾರಿ ಸಿಗಲಿಲ್ಲ. "ಹಾಗಾದ್ರೆ ಈಯಮ್ಮ ಹೇಳಿದ್ದು ಬೈಗುಳ ಹೇಗಾಗುತ್ತೆ?" ಅಂದರು. "ಸ್ವಲ್ಪ ಮುಂಚೆ ಹೇಳಿಬಿಟ್ರು, ಅಷ್ಟೇ." ಮೆಮೊದ ಮೇಲೆ ಅಡ್ಡಗೆರೆ ಎಳೆದರು. ಟೈಪಿಸ್ಟ್ ಗಟ್ಟಿಯಾಗಿ ನಕ್ಕುಬಿಟ್ಟಳು. ಜವಾನ ಗೋಡೆಗೆ ತಿರುಗಿ ನಿಂತ. ಅವನ ಭುಜ ಕುಲುಕುತ್ತಿತ್ತು.

ಫಿನಾಯಿಲಕ್ಕ ನಗಲಿಲ್ಲ. ಸ್ಟೂಲಿನಿಂದ ಎದ್ದಳು. ಎಲ್ಲರೂ ಅವಳು ಮೂಲೆಯ ಬಕೆಟ್ ಎತ್ತಿಕೊಳ್ಳುತ್ತಾಳೆ ಅಂತ ನೋಡಿದರು. ಅವಳು ಬಕೆಟ್ ದಾಟಿ, 'ಸಿಬ್ಬಂದಿಗೆ ಮಾತ್ರ' ಅನ್ನುವ ಬೋರ್ಡು ದಾಟಿ, ಬರಿಗೈಯಲ್ಲಿ ಸಾಹೇಬರ ಕಕ್ಕಸಿಗೆ ಹೋದಳು. ಚಿಲಕ ಹಾಕಿದಳು. ಸೀರೆ ಎತ್ತಿ ಕೂತಳು. ಅವಸರ ಮಾಡಲಿಲ್ಲ. ಇಳಿಯಬೇಕಾದ ಮೆಟ್ಟಿಲು ಇರಲಿಲ್ಲ, ತಡೆದುಕೊಳ್ಳಬೇಕಾದ್ದು ಇರಲಿಲ್ಲ. ಮೂಲೆಯಲ್ಲಿ ಉಜ್ಜಿದ್ದು ಸಾಲದು, ನಾಳೆ ಸಾಹೇಬರಿಗೆ ಹೇಳಬೇಕು ಅಂದುಕೊಂಡಳು.

ಹೊರಗೆ ಬಾಗಿಲು ಬಡಿದ ಸದ್ದಾಯಿತು. ಮೇಡಂ ಅವರನ್ನು ಮೆಟ್ಟಿಲ ತನಕ ಕಳಿಸಿ ಆಗಷ್ಟೇ ಬಂದ ಹೆಡ್ ಕ್ಲರ್ಕ್ ಸಾಹೇಬರು.

"ಯಾರದು ಒಳಗೆ?"

ಫಿನಾಯಿಲಕ್ಕ ಗಂಟಲು ಸರಿಮಾಡಿಕೊಂಡು ಹೇಳಿದಳು.

"ಒಳಗೆ ಜನ ಇದ್ದಾರೆ."